ಕ್ಲೋರಿನ್ ನಿಲ್ಲದ ಪೂಲು

ಪೂಲಿನ ನೀರನ್ನು ನಾನು ಮೊದಲು ಮೂಸುತ್ತೇನೆ, ಆಮೇಲೆ ನೋಡುತ್ತೇನೆ. ಗುಬ್ಬಿ ದಾಟಿ ಕಡಬದ ಕಡೆ ಹೋಗುವ ರಸ್ತೆಯಲ್ಲಿದ್ದ ಆ ತೋಟದ ಮನೆಯಲ್ಲಿ ಬಗ್ಗಿ ಮೂಸುವ ಶ್ರಮವೂ ಬೇಕಾಗಲಿಲ್ಲ. ಗೇಟಿನೊಳಗೆ ಬೈಕು ನಿಲ್ಲಿಸುವಾಗಲೇ ಮೂಗಿಗೆ ಹೊಡೆಯಿತು. ಆಸ್ಪತ್ರೆಯ ಕಕ್ಕಸು ತೊಳೆದ ವಾಸನೆ. ಮನೆಯ ಯಜಮಾನರು ಕೊಬ್ಬರಿ ವ್ಯಾಪಾರಿ, ಹಣೆಯ ತುಂಬ ವಿಭೂತಿ, ಅಳೆದು ತೂಗಿ ಮಾತಾಡುವ ಮನುಷ್ಯ. ಜಗಲಿಯಿಂದ ಇಳಿದು ಬರುತ್ತಲೇ ಹೇಳಿದರು.

“ಕ್ಲೋರಿನ್ ಸಿಕ್ಕಾಪಟ್ಟೆ ಜಾಸ್ತಿ ಆಗೈತೆ ಸಾಬ್ರೇ. ಮಗಳಿಗೆ ಕಣ್ಣುರಿ, ಕೆಮ್ಮು. ಒಸಿ ಕಮ್ಮಿ ಮಾಡ್ಕೊಟ್ಬುಡಿ.”

ಈ ಮಾತನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ತುಮಕೂರಿನ ಸದಾಶಿವನಗರದ ಮನೆಗಳಿಂದ ಹಿಡಿದು ಕುಣಿಗಲ್ ಕಡೆಯ ಫಾರ್ಮ್‌ಹೌಸುಗಳವರೆಗೆ ಎಲ್ಲರೂ ಇದನ್ನೇ ಹೇಳುತ್ತಾರೆ. ಆ ವಾಸನೆ ಬರುವುದು ಕ್ಲೋರಿನ್ ಜಾಸ್ತಿಯಾಗಿ ಅಲ್ಲ, ಸಾಲದೆ. ನೀರಿನಲ್ಲಿರುವ ಬೆವರು, ಜಿಡ್ಡು, ಕೊಳೆಯನ್ನು ಸುಡಲು ಹೋಗಿ ಅರ್ಧಕ್ಕೇ ಸುಸ್ತಾದ ಕ್ಲೋರಿನ್ ಆ ಕೊಳೆಗೇ ಅಂಟಿಕೊಂಡು ಉಳಿಯುತ್ತದೆ. ಕಣ್ಣು ಉರಿಸುವುದು, ಕೆಮ್ಮು ಬರಿಸುವುದು ಅದೇ. ಅದನ್ನು ಓಡಿಸಬೇಕಾದರೆ ಇನ್ನಷ್ಟು ಕ್ಲೋರಿನ್ ಹಾಕಬೇಕು, ಅದೂ ಒಂದೇ ಏಟಿಗೆ. ಇದನ್ನು ಹೇಳಿದರೆ ಜನ ನನ್ನನ್ನು ಪುಡಿ ಮಾರಲು ಬಂದವನ ಹಾಗೆ ನೋಡುತ್ತಾರೆ. ಯಜಮಾನರೂ ಹಾಗೇ ನೋಡಿದರು.

ಪೂಲು ದೊಡ್ಡದೇನಲ್ಲ. ಎದೆಮಟ್ಟದ ನೀರು, ಒಂದು ಮೂಲೆಯಲ್ಲಿ ಅಗಲವಾದ ಮೆಟ್ಟಿಲು, ಎರಡೂ ಗೋಡೆಗೆ ಉದ್ದಕ್ಕೆ ಸ್ಟೀಲಿನ ಕಂಬಿ. ಈಜಾಡಲು ಕಟ್ಟಿಸಿದ್ದಲ್ಲ ಎಂದು ಕಂಬಿ ನೋಡಿದ ಕೂಡಲೇ ತಿಳಿಯಿತು. ಹಸಿರು ನೆರಳುಪರದೆಯ ಕೆಳಗೆ ವೀಲ್‌ಚೇರಿನಲ್ಲಿ ಯಜಮಾನರ ಮಗಳು ಕೂತಿದ್ದಳು. ಇಪ್ಪತ್ತರ ಆಚೆ ಈಚೆ ವಯಸ್ಸು. ಕಾಲಿನಿಂದ ಹಿಡಿದು ಒಂದೊಂದೇ ಸ್ನಾಯು ಸೋಲುತ್ತಾ ಬರುವ ಕಾಯಿಲೆ, ಗುಣಪಡಿಸುವ ಔಷಧಿಯಿಲ್ಲ. ತುಮಕೂರಿನಿಂದ ಬರುವ ಫಿಸಿಯೋಥೆರಪಿ ಡಾಕ್ಟರಮ್ಮ ಅವಳಿಗೆ ನೀರಿನಲ್ಲಿ ವ್ಯಾಯಾಮ ಮಾಡಿಸುತ್ತಿದ್ದರು. ಈಗ ನೀರು ಕೆಟ್ಟು ಅದೂ ನಿಂತಿತ್ತು.

“ಅಂಕಲ್, ನೆಲದ ಮೇಲೆ ನನ್ನನ್ನ ನಿಲ್ಸೋಕೆ ಇಬ್ರು ಬೇಕು. ನೀರಲ್ಲಿ ಯಾರೂ ಬೇಡ, ಕಂಬಿ ಸಾಕು,” ಎಂದಳು. “ಬೇಗ ಸರಿ ಮಾಡ್ಬಿಡಿ. ನಿಂತ್ಕೊಂಡು ತುಂಬ ದಿನ ಆಯ್ತು.”

ಅಂದು ಡಾಕ್ಟರಮ್ಮನೂ ಬಂದಿದ್ದರು. ನನ್ನನ್ನು ಪಂಪಿನ ರೂಮಿನ ಹತ್ತಿರ ಕರೆದುಕೊಂಡು ಹೋಗಿ ಮೆಲ್ಲಗೆ ಹೇಳಿದರು. “ಅವಳು ನೀರಿಗಿಳಿಯದೆ ಕಳ್ಕೊಂಡ ಶಕ್ತಿ ವಾಪಸ್ ಬರಲ್ಲ. ಕಳ್ಕೊಂಡಿದ್ದು ಕಳ್ಕೊಂಡಂಗೇ. ಹಾಗಂತ ಈ ನೀರಿಗೆ ಇಳಿಸೋಕೂ ಆಗಲ್ಲ. ಎದೆಗೆ ಸೋಂಕು ತಗುಲಿದ್ರೆ ಕೆಮ್ಮಿ ಕಫ ತೆಗೆಯೋ ಬಲ ಅವಳಿಗಿಲ್ಲ. ನೀವು ಪರ್ವಾಗಿಲ್ಲ ಅಂದ ದಿನ ಇಳಿಸ್ತೀನಿ.”

ನಾನು ಪಂಪು, ಪೈಪು, ಪುಡಿಗಳ ಮನುಷ್ಯ. ಒಬ್ಬಳು ಎದ್ದು ನಿಲ್ಲುವುದು ನನ್ನ ಒಂದು ಮಾತಿಗೆ ಕಾಯುತ್ತಿದೆ ಎಂಬ ಭಾರವನ್ನು ಅದುವರೆಗೆ ಯಾವ ಕೆಲಸದಲ್ಲೂ ಹೊತ್ತಿರಲಿಲ್ಲ.

ಪರೀಕ್ಷೆಯ ಪೆಟ್ಟಿಗೆ ತೆಗೆದೆ. ಮೊಳಕೈ ಮುಳುಗುವಷ್ಟು ಆಳದಿಂದ ನೀರು ತೆಗೆದು ಎರಡು ಗಾಜಿನ ಕೊಳವೆಗೆ ಹಾಕಿದೆ. ಒಂದಕ್ಕೆ ಪಿಎಚ್ ನೋಡುವ ಕೆಂಪು ಹನಿ, ಇನ್ನೊಂದಕ್ಕೆ ಕ್ಲೋರಿನ್ ನೋಡುವ ಮಾತ್ರೆ. ಹುಡುಗಿ ಕುರ್ಚಿಯಿಂದಲೇ ಕತ್ತು ಚಾಚಿ ನೋಡುತ್ತಿದ್ದಳು. ಕೇಳಿದಳೆಂದು ಹೇಳಿಕೊಟ್ಟೆ. ಪಿಎಚ್ ಕೊಳವೆ ಕಿತ್ತಳೆಗೆಂಪಿದ್ದರೆ ಸರಿ, ನೇರಳೆಗೆ ತಿರುಗಿದರೆ ನೀರು ಕ್ಷಾರವಾಗಿದೆ, ಅಂಥ ನೀರಿನಲ್ಲಿ ಎಷ್ಟು ಕ್ಲೋರಿನ್ ಇದ್ದರೂ ಅದಕ್ಕೆ ಕೈಕಾಲು ಆಡುವುದಿಲ್ಲ. ಇನ್ನೊಂದು ಕೊಳವೆ ಗುಲಾಬಿಯಾದರೆ ದುಡಿಯುವ ಕ್ಲೋರಿನ್ ಇದೆ, ಬಣ್ಣ ಬರದಿದ್ದರೆ ಸೊನ್ನೆ. ಅಂದು ಒಂದು ಕೊಳವೆ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು, ಇನ್ನೊಂದು ಬೋರ್‌ವೆಲ್ ನೀರಿನ ಹಾಗೇ ಉಳಿಯಿತು. ಅದೇ ಕೊಳವೆಗೆ ಬೇರೆ ಮಾತ್ರೆ ಹಾಕಿದಾಗ ಮಾತ್ರ ಗಾಢವಾಗಿ ಗುಲಾಬಿ ಬಂತು. ಅದೇ ಸುಸ್ತಾದ ಕ್ಲೋರಿನ್ನಿನ ಗುರುತು.

“ಅಂದ್ರೆ ಇರೋದೆಲ್ಲ ಕೆಲಸಕ್ಕೆ ಬಾರದ್ದು,” ಎಂದಳು ಹುಡುಗಿ. “ನನ್ನ ಕಾಲಿನ ಥರ.”

ನಾನು ಪೆಟ್ಟಿಗೆ ಮುಚ್ಚಿದೆ.

ಕೆಲಸದ ಕ್ರಮ ನನಗೆ ಕರಗತ. ಮೊದಲು ಆಸಿಡ್. ಆ ಕಡೆಯ ಬೋರ್‌ವೆಲ್ ನೀರು ಬಲು ಗಡಸು, ಕೊಡದ ಬಾಯಿಗೆಲ್ಲ ಬಿಳಿ ಪೊರೆ ಕಟ್ಟುತ್ತದೆ. ಅಂಥ ನೀರಿನ ಪಿಎಚ್ ಅನ್ನು ಒಂದೇ ಸಲಕ್ಕೆ ಇಳಿಸಲು ಹೋಗಬಾರದು. ಬಕೆಟ್ ನೀರಿಗೆ ಆಸಿಡ್ ಸುರಿದು, ಆ ನೀರನ್ನು ಪಂಪು ಓಡುತ್ತಿರುವಾಗ ಅಂಚಿನುದ್ದಕ್ಕೂ ಸ್ವಲ್ಪ ಸ್ವಲ್ಪವೇ ಬೆರೆಸುತ್ತಾ ಬಂದೆ. ಮಾರನೆಯ ದಿನವೂ ಅದೇ. ಕೊಳವೆ ಕಿತ್ತಳೆಗೆಂಪಿಗೆ ಬಂದ ಮೇಲೆ, ಬಿಸಿಲು ಇಳಿಯುವ ಹೊತ್ತಿಗೆ ಕ್ಲೋರಿನ್ ಪುಡಿ ಕರಗಿಸಿ ಭಾರೀ ಪ್ರಮಾಣದಲ್ಲಿ ಹಾಕಿದೆ. ಬಿಸಿಲಿಗೆ ಅದು ನಾಶವಾಗುತ್ತದೆ, ಅದಕ್ಕೇ ಸಂಜೆ. ಹೋಗುವ ಮುಂಚೆ ಪರೀಕ್ಷೆ ಮಾಡಿದರೆ ಕೊಳವೆ ದಾಸವಾಳದ ಬಣ್ಣ. ಹುಡುಗಿಗೆ ತೋರಿಸಿದೆ. ಮಡಿಲಿನಿಂದ ಕೈಯನ್ನು ಸ್ವಲ್ಪವೇ ಎತ್ತಿ ಭೇಷ್ ಎಂದಳು.

ಬೆಳಿಗ್ಗೆ ತಿಂಡಿ ಮುಗಿಸಿ ತುಮಕೂರಿನಿಂದ ಬಂದು ನೋಡಿದರೆ ಸೊನ್ನೆ. ಕೊಳವೆ ನೀರಿನಷ್ಟೇ ಬಿಳಿ. ನೀರಿನ ಮೇಲೆ ಮಬ್ಬು, ಅದೇ ಕಕ್ಕಸಿನ ವಾಸನೆ.

ಮಾತ್ರೆ ಹಳೆಯದಿರಬೇಕೆಂದು ಹೊಸ ಡಬ್ಬಿ ತಂದೆ. ಪುಡಿ ಕಲಬೆರಕೆಯಿರಬೇಕೆಂದು ಬೇರೆ ಅಂಗಡಿಯದು ತಂದೆ. ಮತ್ತೆ ಸಂಜೆ ಹಾಕಿದೆ, ಮತ್ತೆ ಬೆಳಿಗ್ಗೆ ಸೊನ್ನೆ. ಬಿಸಿಲಿಲ್ಲದ ಹೊತ್ತಿನಲ್ಲಿ ಕ್ಲೋರಿನ್ ಹೀಗೆ ಮಾಯವಾದರೆ ನೀರಿನಲ್ಲಿ ಅದನ್ನು ತಿನ್ನುವ ಕೊಳೆ ಇನ್ನೂ ಇದೆ ಎಂದೇ ಅರ್ಥ. ತಿನ್ನುವವರೆಗೂ ಹಾಕಬೇಕು, ಒಂದು ದಿನ ಅದರ ಹೊಟ್ಟೆ ತುಂಬುತ್ತದೆ. ನಾನೂ ಹಟಕ್ಕೆ ಬಿದ್ದು ಹಾಕುತ್ತಲೇ ಹೋದೆ. ಅದರ ಹೊಟ್ಟೆ ತುಂಬಲೇ ಇಲ್ಲ.

ಪ್ರತಿದಿನ ಹುಡುಗಿ ಮನೆಯ ನರ್ಸಿನ ಕೈಲಿ ಕುರ್ಚಿ ತಳ್ಳಿಸಿಕೊಂಡು ಬಂದು ಕೊಳವೆ ನೋಡುತ್ತಿದ್ದಳು. ಮೊದಮೊದಲು “ಎಷ್ಟು ಬಂತು ಅಂಕಲ್” ಎನ್ನುತ್ತಿದ್ದವಳು, ಆಮೇಲೆ ನಾನು ಬಾಯಿ ತೆರೆಯುವ ಮೊದಲೇ “ಸೊನ್ನೆ” ಎನ್ನತೊಡಗಿದಳು. ಒಂದು ದಿನ ಅವಳ ಕೈ ಮಡಿಲಿನಿಂದ ಜಾರಿ ಕುರ್ಚಿಯ ಪಕ್ಕ ಜೋತು ಬಿತ್ತು. ಅದನ್ನು ಮತ್ತೆ ಮೇಲಕ್ಕೆ ಎತ್ತಿಟ್ಟುಕೊಳ್ಳಲು ಅವಳಿಗೆ ಆಗಲಿಲ್ಲ. ಹಿಂದಿನ ವಾರ ಆಗುತ್ತಿತ್ತು. ನಾನು ಕಂಡೂ ಕಾಣದವನ ಹಾಗೆ ಪೈಪು ಸುತ್ತುತ್ತಾ ನಿಂತೆ. ಅವಳ ತಾಯಿ ಬಂದು ಕೈ ಎತ್ತಿ ಮಡಿಲಲ್ಲಿಟ್ಟು, ಸೆರಗಿನಿಂದ ಮುಖ ಒರೆಸಿ ಹೋದರು. ಆ ತಾಯಿ ಮಾತಾಡಿದ್ದನ್ನು ನಾನು ಕೇಳಿದ್ದೇ ಕಡಿಮೆ. ಬೆಳಿಗ್ಗೆ ಹೋದಾಗ ಮಡಿಯುಟ್ಟು ಪೂಜೆ ಮುಗಿಸಿ ಕಾಫಿ ತಂದುಕೊಡುವರು, “ಇವತ್ತಾದ್ರೂ ಸರಿ ಹೋಯ್ತಾ?” ಎಂದು ಕೇಳುವರು, ನನ್ನ ಮುಖ ನೋಡಿ ಒಳಗೆ ಹೋಗುವರು.

ಫಿಲ್ಟರಿನ ಮೇಲೆ ಅನುಮಾನ ಬಂದು ಅದನ್ನು ಬಿಚ್ಚಿದೆ. ಪೂಲಿನ ನೀರು ಒಂದು ದೊಡ್ಡ ಟ್ಯಾಂಕಿನೊಳಗಿನ ಮರಳಿನ ಮೂಲಕ ಸೋಸಿ ಹೋಗುತ್ತದೆ. ಆ ಮರಳು ಉದುರುದುರಾಗಿ ಇರಬೇಕು. ಕೈ ಹಾಕಿದರೆ ಉಂಡೆ ಉಂಡೆಯಾಗಿ ಬಂತು, ಬೆರಳಿಗೆ ಜಿಡ್ಡು ಮೆತ್ತಿತು. ತುಪ್ಪದ ಡಬ್ಬಿಯ ತಳ ಕೆರೆದ ಹಾಗಿತ್ತು. ನನಗೆ ಅಂತೂ ಕಳ್ಳ ಸಿಕ್ಕಿದ ಎನ್ನಿಸಿ ಖುಷಿಯಾಯಿತು.

“ಮೈಗೆ ಎಣ್ಣೆ ಹಚ್ಚಿ ನೀರಿಗೆ ಇಳಿಸ್ತಿದ್ರಾ?” ಎಂದು ಡಾಕ್ಟರಮ್ಮನಿಗೆ ಫೋನು ಮಾಡಿದೆ.

“ಯಾವತ್ತೂ ಇಲ್ಲ. ಮಸಾಜ್ ಮಾಡಿದ್ರೂ ಒಣ ಕೈಯಲ್ಲೇ ಮಾಡೋದು,” ಎಂದರು.

ನಾನು ನಂಬಲಿಲ್ಲ. ಮನೆಯವರೇ ಯಾರೋ ಹಚ್ಚುತ್ತಿರಬೇಕು ಎಂದುಕೊಂಡೆ. ಮರಳೆಲ್ಲ ತೆಗೆಸಿ ಹೊಸದು ತುಂಬಿದೆ. ಎರಡು ದಿನ ನೀರು ಸ್ವಲ್ಪ ತಿಳಿಯಾಯಿತು. ಮೂರನೆಯ ದಿನ ಗೋಡೆಯಲ್ಲಿ ಹಸಿರು ಲೋಳೆ ಕಾಣಿಸಿಕೊಂಡಿತು. ಕ್ಲೋರಿನ್ ಇಲ್ಲದ ನೀರು, ಮೇಲೆ ಬೇಸಿಗೆಯ ಬಿಸಿಲು, ಪಾಚಿಗೆ ಇನ್ನೇನು ಬೇಕು? ಅಂದು ಬೈಕಿನಲ್ಲಿ ವಾಪಸು ಬರುವಾಗ ಗುಬ್ಬಿಯ ಹತ್ತಿರ ಗಾಡಿ ನಿಲ್ಲಿಸಿ ಸುಮ್ಮನೆ ಕೂತೆ. ಈ ಕಸುಬೇ ನನಗೆ ಗೊತ್ತಿಲ್ಲವೇನೋ ಎನ್ನಿಸಿಬಿಟ್ಟಿತ್ತು.

ಆ ನಡುವೆ ಕುಣಿಗಲ್ ಕಡೆಯ ಫಾರ್ಮ್‌ಹೌಸಿಗೆ ಹೋಗಲೇಬೇಕಾಯಿತು. ಅಲ್ಲಿಯ ಮಾಲೀಕರು ವರ್ಷಕ್ಕೆ ಎರಡು ಸಲ ಬಂದರೆ ಹೆಚ್ಚು. ಬಂದಾಗಲೂ ದಡದಲ್ಲಿ ಕುರ್ಚಿ ಹಾಕಿಕೊಂಡು ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಆ ಪೂಲಿನ ನೀರಿಗೆ ಯಾರೂ ಇಳಿಯದೇ ಇರುವುದರಿಂದ ಅದು ಕೆಡುವುದೂ ಇಲ್ಲ. ಒಂದು ರೂಪಾಯಿ ನಾಣ್ಯ ಹಾಕಿದರೆ ತಳದಲ್ಲಿ ಅದರ ಅಕ್ಷರ ಓದಬಹುದು. ಎಂದೂ ಬಾರದ ಸಿಟ್ಟು ಅಂದು ಆ ನೀರಿನ ಮೇಲೆ ಬಂತು. ಅಲ್ಲಿರುವಾಗಲೇ ಯಜಮಾನರ ಫೋನು ಬಂತು.

“ಸಾಬ್ರೇ, ಪಾಚಿ ಎಲ್ಲ ಸತ್ತೋಯ್ತು ಕಣ್ರಿ. ನಾನೇ ಔಷಧಿ ಹಾಕ್ಬುಟ್ಟೆ.” ದನಿಯಲ್ಲಿ ಎಷ್ಟೋ ದಿನದ ಮೇಲೆ ಒಂದು ಗೆಲುವು.

“ಏನ್ ಹಾಕಿದ್ರಿ?”

“ಮೈಲುತುತ್ತ. ತೋಟಕ್ಕೆ ಹೊಡೆಯೋದು ಇತ್ತು. ಒಂದು ಚೀಲ ಕರಗ್ಸಿ ಬುಟ್ಟೆ.”

ತೆಂಗಿನ ತೋಟದವರಿಗೆ ಮೈಲುತುತ್ತ ಎಂದರೆ ಸರ್ವರೋಗಕ್ಕೂ ಮದ್ದು. ಸುಣ್ಣದ ಜೊತೆ ಕಲಸಿ ಹೊಡೆದರೆ ಸುಳಿಕೊಳೆ ರೋಗವೇ ನಿಲ್ಲುತ್ತದೆ, ಪಾಚಿ ಯಾವ ಲೆಕ್ಕ? ಆದರೆ ಅದು ತಾಮ್ರ. ಚಿಟಿಕೆಯಷ್ಟು ಸಾಕಾಗುವ ಕಡೆ ಚೀಲ ಸುರಿದಿದ್ದರು, ಅದೂ ಗಡಸು ನೀರಿಗೆ. ಮಾರನೆಯ ಬೆಳಿಗ್ಗೆ ಹೋಗಿ ನೋಡಿದರೆ ಪಾಚಿ ಸತ್ತಿದ್ದೇನೋ ನಿಜ. ನೀರು ಬಟ್ಟೆಗೆ ಹಾಕುವ ನೀಲಿ ಕದಡಿದ ಹಾಗೆ. ಬಿಳಿ ಟೈಲಿನ ತುಂಬ ಹಸಿರುಗಪ್ಪು ಕಲೆ. ಕಂಬಿಯೂ ಕಪ್ಪು.

ನನ್ನ ಬಾಯಿಗೆ ಬೀಗ ಇರಲಿಲ್ಲ. “ಯಜಮಾನ್ರೇ, ನಿಮ್ಮ ಮಗಳನ್ನ ಇಳಿಸೋ ನೀರಿಗೆ ಮರಕ್ಕೆ ಹೊಡೆಯೋ ವಿಷ ಹಾಕ್ತೀರಲ್ಲ! ನಾನ್ ಯಾಕೆ ಬರ್ಬೇಕು ಇಲ್ಲಿಗೆ? ನೀವೇ ಮಾಡ್ಕೊಳ್ಳಿ!” ಎಂದು ಕೂಗಾಡಿದೆ.

ಅವರು ತಿರುಗಿ ಕೂಗಾಡಿದ್ದರೆ ಚೆನ್ನಾಗಿತ್ತು. ಪಂಪಿನ ರೂಮಿನ ಕಟ್ಟೆಯ ಮೇಲೆ ಕೂತು, “ಇನ್ನೇನ್ ಮಾಡ್ಲಿ ಹೇಳಿ,” ಎಂದರು. “ನಂಗೆ ಗೊತ್ತಿರೋದು ಮರ ಒಂದೇ. ಮರಕ್ಕೆ ರೋಗ ಬಂದ್ರೆ ಏನ್ ಹಾಕ್ಬೇಕು ಅಂತ ಗೊತ್ತು, ಉಳಿಸ್ಕತೀನಿ. ಕಣ್ಣ ಮುಂದೆ ಮಗಳು ದಿನಾ ಕಮ್ಮಿ ಆಯ್ತಾವ್ಳೆ. ಸುಮ್ಕೆ ನೋಡ್ತಾ ಕೂತಿರಕಾಯ್ತದಾ?”

ಅವರ ಕಣ್ಣಲ್ಲಿ ನೀರು ಬಂತು. ನಾನೂ ಅವರ ಪಕ್ಕ ಕೂತೆ.

ಆ ಕಟ್ಟೆಯ ಮೇಲೆಯೇ ಒಂದು ತೀರ್ಮಾನಕ್ಕೆ ಬಂದೆ. ಈ ನೀರನ್ನು ಇನ್ನು ಸರಿಮಾಡಲು ಹೋಗಬಾರದು. ಪೂರ್ತಿ ಖಾಲಿ ಮಾಡಿ, ಉಜ್ಜಿ ತೊಳೆದು, ಬೇರೆ ನೀರು ತುಂಬಬೇಕು. ಕಸುಬಿನವರು ಖಾಲಿ ಮಾಡುವುದನ್ನು ಕೊನೆಯ ಉಪಾಯವೆಂದೇ ಇಟ್ಟುಕೊಂಡಿರುತ್ತಾರೆ. ಅದು ಸೋಲೊಪ್ಪಿಕೊಂಡ ಹಾಗೆ. ಮೇಲಾಗಿ ಅಷ್ಟು ದಿನವೂ ಹುಡುಗಿಗೆ ಮತ್ತೆ ನಷ್ಟ. ಆದರೂ ಬೇರೆ ದಾರಿ ಕಾಣಲಿಲ್ಲ.

ನೀರನ್ನು ತೋಟದಾಚೆಯ ಬೀಳು ಜಾಗಕ್ಕೆ ಹೊಡೆಸಿದೆ. ಬರಿದಾದ ಪೂಲಿನೊಳಗೆ ಬೂಟು, ಗ್ಲೌಸು, ಕನ್ನಡಕ ಹಾಕಿಕೊಂಡು ಇಳಿದು, ನೀರು ಬೆರೆಸಿದ ಆಸಿಡ್‌ನಿಂದ ಒಂದೊಂದೇ ಟೈಲು ಉಜ್ಜಿದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದರೂ ಗಂಟಲು ಉರಿಯಿತು. ಮೆಟ್ಟಿಲ ಮೂಲೆಯ ಟೈಲುಗಳ ಸಂದಿಯಲ್ಲಿ ಮಾತ್ರ ಹಳದಿ ಬಣ್ಣದ ಹಿಟ್ಟಿನಂಥ ಕೊಳೆ ಗಟ್ಟಿಯಾಗಿ ಕೂತಿತ್ತು. ಅದನ್ನು ಚಾಕುವಿನಿಂದ ಕೆರೆದು ತೆಗೆದೆ. ಏನೆಂದು ಯೋಚಿಸಲಿಲ್ಲ. ಮನೆಯ ಬೋರ್‌ವೆಲ್ ನೀರು ಬೇಡವೆಂದು, ಕಡಬದ ಕೆರೆಯ ಕೆಳಗಿನ ಒಂದು ಬಾವಿಯಿಂದ ಟ್ಯಾಂಕರಿನಲ್ಲಿ ನೀರು ತರಿಸಿದೆವು. ಕೆರೆಯಿಂದ ಒಸರುವ ನೀರಾದ್ದರಿಂದ ಅಷ್ಟು ಗಡಸಿರಲಿಲ್ಲ. ತುಂಬಿದ ದಿನ ಸಂಜೆ ಪಿಎಚ್ ಸರಿ, ಕ್ಲೋರಿನ್ ಸರಿ, ನೀರು ಕನ್ನಡಿ. ಡಾಕ್ಟರಮ್ಮನಿಗೆ ಫೋನು ಮಾಡಿ, ನಾಳಿದ್ದು ಇಳಿಸಬಹುದು ಎಂದೆ. ಹುಡುಗಿ ನೀರಿಗಿಳಿಯುವಾಗ ಹಾಕುವ ಬಟ್ಟೆಯನ್ನು ತೆಗೆದಿಡಲು ಹೇಳಿದಳಂತೆ.

ಬೆಳಿಗ್ಗೆ ಬಂದು ನೋಡಿದರೆ ಸೊನ್ನೆ.

ಹೊಸ ನೀರು, ಹೊಸ ಮರಳು, ಉಜ್ಜಿದ ಗೋಡೆ. ತಿನ್ನಲು ಕೊಳೆಯೇ ಇಲ್ಲದ ನೀರಿನಲ್ಲಿ ಕ್ಲೋರಿನ್ ಎಲ್ಲಿಗೆ ಹೋಯಿತು? ಸಂಜೆ ಮತ್ತೆ ಹಾಕಿದೆ. ಈ ಸಲ ಮಾರನೆಯ ದಿನ ಬಿಸಿಲು ಬರುವ ಮೊದಲೇ ನೋಡಿಬಿಡಬೇಕೆಂದು ನಸುಕಿನ ಫಜರ್ ನಮಾಜು ಮುಗಿಸಿದವನೇ ಬೈಕು ಹತ್ತಿದೆ. ತೋಟದ ಮನೆಗೆ ಬಂದಾಗ ಆಗತಾನೇ ಬೆಳಕು ಹರಿಯುತ್ತಿತ್ತು. ಗೇಟಿನಾಚೆಯೇ ಗಾಡಿ ನಿಲ್ಲಿಸಿ ನಡೆದು ಬಂದೆ. ಕೊಳವೆಗೆ ನೀರು ತೆಗೆದು ಮಾತ್ರೆ ಹಾಕಿದರೆ ಚೆನ್ನಾದ ಗುಲಾಬಿ. ರಾತ್ರಿಯೆಲ್ಲ ಕ್ಲೋರಿನ್ ಹಾಗೇ ನಿಂತಿತ್ತು!

ಮನೆಯ ಹಿಂಬಾಗಿಲು ತೆರೆದ ಸದ್ದಾಯಿತು. ಹುಡುಗಿಯ ತಾಯಿ ಒದ್ದೆ ಸೀರೆಯಲ್ಲಿ, ಸೊಂಟದ ಮೇಲೆ ಹಿತ್ತಾಳೆ ಬಿಂದಿಗೆ ಇಟ್ಟುಕೊಂಡು ಬಂದರು. ಪಂಪಿನ ರೂಮಿನ ಮರೆಯಲ್ಲಿದ್ದ ನನ್ನನ್ನು ನೋಡಲಿಲ್ಲ. ಮೆಟ್ಟಿಲ ಮೂಲೆಯಲ್ಲಿ ಕೂತು, ಕಣ್ಣು ಮುಚ್ಚಿ, ಬಾಯಲ್ಲಿ ಏನೋ ಹೇಳಿಕೊಳ್ಳುತ್ತಾ ಬಿಂದಿಗೆಯನ್ನು ನಿಧಾನವಾಗಿ ಬಗ್ಗಿಸಿದರು. ಬೆಳ್ಳಗೆ ಹಾಲು. ಅದು ಮೋಡದ ಹಾಗೆ ನೀರಿನೊಳಗೆ ಹರಡಿಕೊಂಡಿತು.

ನಾನು ಕೆಮ್ಮಿದೆ. ಅವರು ಬೆಚ್ಚಿ ಎದ್ದು ನಿಂತರು.

“ಏನಕ್ಕಾ ಇದು?”

“ಅಭಿಷೇಕದ್ದು ಸಾಬ್ರೇ. ಪಂಚಾಮೃತ,” ಎಂದರು. ತಪ್ಪು ಮಾಡಿದವರ ದನಿಯಾಗಿರಲಿಲ್ಲ, ಹೆದರಿದವರ ದನಿ. “ಯಜಮಾನ್ರಿಗೆ ಹೇಳ್ಬೇಡಿ. ನೀರಿಗೆ ಏನೂ ಹಾಕ್ಬ್ಯಾಡ ಅಂದವ್ರೆ.”

“ಯಾವಾಗಿಂದ ಹಾಕ್ತಿದೀರಿ?”

“ಡಾಕ್ಟ್ರಮ್ಮ ನೀರೇ ಇವಳಿಗೆ ಔಷಧಿ ಅಂದ್ರಲ್ಲ, ಆವತ್ತಿಂದ. ಮುಂಚೆ ಬಿಲ್ವದ ಗಿಡದ ಬುಡಕ್ಕೆ ಬುಡ್ತಿದ್ದೆ. ತೀರ್ಥ ತುಳಿಯೋ ಜಾಗಕ್ಕೆ ಚೆಲ್ಬಾರ್ದು ಅಂತಾರೆ, ಅದಕ್ಕೇ ಮೆಟ್ಲು ಮೇಲೆ ಬೀಳ್ದಂಗೆ ಮೂಲೇಲಿ ಬುಡ್ತೀನಿ. ಬಾಯಿಗೆ ಹಾಕಿದ್ರೆ ಒಂದು ಹನಿ ಒಳಗೆ ಹೋಯ್ತದೆ ಅಷ್ಟೇ. ಇಲ್ಲಿ ಹಾಕಿದ್ರೆ ಅವಳು ಅದರೊಳಗೇ ನಿಂತಿರ್ತಾಳಲ್ಲ. ಮೈಯೆಲ್ಲ ತಾಕ್ತದೆ.”

“ಮೊದಲಿಂದ ಇಷ್ಟೇ ಹಾಕ್ತಿದ್ರಾ?”

“ಇಲ್ಲ. ಮೊದ್ಲು ಒಂದು ಚೊಂಬು. ನೀರು ಕೆಡ್ತು ಅಂತ ನೀವು ಬರಕ್ಕೆ ಶುರು ಮಾಡಿದ್ರಲ್ಲ, ಆಮೇಲೆ ಬಿಂದಿಗೆ ಮಾಡ್ದೆ. ನೀರು ಸರಿ ಹೋಗ್ಲಿ ಅಂತ.”

ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ. ಫಿಲ್ಟರಿನ ಮರಳಿನಲ್ಲಿ ಬೆರಳಿಗೆ ಮೆತ್ತಿದ್ದು, ಟೈಲಿನ ಸಂದಿಯಲ್ಲಿ ಕೂತಿದ್ದು, ದಿನಾ ಬೆಳಿಗ್ಗೆ ಕ್ಲೋರಿನ್ನನ್ನು ನುಂಗುತ್ತಿದ್ದದ್ದು ಎಲ್ಲ ಅದೇ. ಸಂಜೆ ನಾನು ಹಾಕಿದ್ದನ್ನು ಬೆಳಗಾಗುವುದರೊಳಗೆ ಅವರು ಕೊಲ್ಲುತ್ತಿದ್ದರು, ಬೆಳಗಿನ ಜಾವ ಅವರು ಹಾಕಿದ್ದನ್ನು ಸಂಜೆ ನಾನು ಸುಡುತ್ತಿದ್ದೆ. ನೀರು ಕೆಟ್ಟಷ್ಟೂ ಇಬ್ಬರೂ ಹೆಚ್ಚು ಹೆಚ್ಚು ಸುರಿದಿದ್ದೆವು. ಇಬ್ಬರೂ ಸುರಿದದ್ದು ಅದೇ ಹುಡುಗಿಗಾಗಿ.

ಬೇರೆ ಮನೆಯಲ್ಲಾಗಿದ್ದರೆ ನಾನು ಹಾರಾಡುತ್ತಿದ್ದೆ. ಅಂದು ನಮ್ಮಮ್ಮ ನೆನಪಾದಳು. ನಮ್ಮ ತಂದೆ ಹಾಸಿಗೆ ಹಿಡಿದಿದ್ದಾಗ ನಮ್ಮಮ್ಮ ದರ್ಗಾದಲ್ಲಿ ಪ್ರಾರ್ಥನೆ ಓದಿಸಿ ಊದಿಸಿಕೊಂಡು ಬಂದ ನೀರನ್ನು ಕುಡಿಯುವ ನೀರಿನ ಡ್ರಮ್ಮಿಗೇ ಬೆರೆಸುತ್ತಿದ್ದಳು. ಲೋಟದಲ್ಲಿ ಕೊಟ್ಟರೆ ಮುಗಿದುಹೋಗುತ್ತದೆ, ಡ್ರಮ್ಮಿಗೆ ಹಾಕಿದರೆ ದಿನವೆಲ್ಲ ಅದನ್ನೇ ಕುಡಿಯುತ್ತಾರೆ ಎಂದು. ಈ ತಾಯಿಯ ಲೆಕ್ಕವೂ ಅದೇ ಆಗಿತ್ತು. ಇದು ತಪ್ಪು ಲೆಕ್ಕ ಎಂದು ನಮ್ಮಮ್ಮನಿಗೆ ನಾನು ಹೇಳಿರಲಿಲ್ಲ.

ಆದರೆ ಇಲ್ಲಿ ಹೇಳಲೇಬೇಕಿತ್ತು. “ಅಕ್ಕಾ, ದೇವ್ರ ವಿಷಯ ನಾನ್ ಮಾತಾಡಲ್ಲ. ಆದ್ರೆ ಹಾಲು ನೀರಲ್ಲಿ ಕೊಳೀತದೆ. ಆ ಕೊಳೆಗೇ ಕ್ಲೋರಿನ್ ಎಲ್ಲ ಹೋಗ್ತಿದೆ. ಅವಳಿಗೆ ಕೆಮ್ಮು ಬಂದಿದ್ದು ಅದರಿಂದಾನೇ. ಇಳಿಸೋ ಮುಂಚೆ ಅವಳ ಕೈಗೆ, ಕಾಲಿಗೆ ಒಂದೊಂದು ಹನಿ ಹಚ್ಚಿ ಒರೆಸ್ಬಿಡಿ. ಉಳಿದಿದ್ದು ಬಿಲ್ವದ ಗಿಡಕ್ಕೆ ಹಾಕಿ.”

ಅವರು ಬಗ್ಗಿ ನೀರು ನೋಡಿದರು. ಹಾಲಿನ ಮೋಡ ಆಗಲೇ ಕರಗಿ ಹೋಗಿತ್ತು.

“ನನ್ ಕೈಯಿಂದಾನೇ ಅವಳಿಗೆ ಕೆಮ್ಮು ಬಂತಾ?”

ಇಲ್ಲ ಎನ್ನಬೇಕು ಅನ್ನಿಸಿತು. ಅಂದರೆ ನಾಳೆ ಮತ್ತೆ ಬಿಂದಿಗೆ ಬರುತ್ತದೆ. ನಾನು ಸುಮ್ಮನಿದ್ದೆ. ಅವರಿಗೆ ಅಷ್ಟೇ ಸಾಕಾಯಿತು. ಖಾಲಿ ಬಿಂದಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಒಳಗೆ ಹೋದರು. ಯಜಮಾನರಿಗೆ ನಾನು ಹೇಳಲಿಲ್ಲ, ಇಂದಿಗೂ ಹೇಳಿಲ್ಲ.

ಅಂದು ಸಂಜೆ ಕೊನೆಯ ಸಲ ಭಾರೀ ಪ್ರಮಾಣದಲ್ಲಿ ಕ್ಲೋರಿನ್ ಹಾಕಿದೆ. ಬೆಳಿಗ್ಗೆ ಕೊಳವೆ ಗುಲಾಬಿ. ಅದರ ಮಾರನೆಯ ಬೆಳಿಗ್ಗೆಯೂ ಗುಲಾಬಿ. ವಾಸನೆ ಹೋಯಿತು. ಕ್ಲೋರಿನ್ ಹಿತವಾದ ಮಟ್ಟಕ್ಕೆ ತಾನಾಗಿಯೇ ಇಳಿಯುವವರೆಗೆ ಕಾದೆ. ತಳದ ಟೈಲುಗಳ ಗೆರೆ ಒಂದೊಂದೂ ಎಣಿಸುವಷ್ಟು ತಿಳಿಯಾಯಿತು. ಕುಣಿಗಲ್ಲಿನ ಆ ನೀರಿಗಿಂತ ಒಂದು ಕೈ ಮೇಲು. ಡಾಕ್ಟರಮ್ಮನಿಗೆ ಫೋನು ಮಾಡಿ, ಧೈರ್ಯವಾಗಿ ಇಳಿಸಿ ಎಂದೆ.

“ನೆನ್ನೆ ತುಮಕೂರಲ್ಲಿ ಅವಳ ಉಸಿರಾಟದ ಪರೀಕ್ಷೆ ಮಾಡಿಸಿದ್ವಿ,” ಎಂದರು ಅವರು. “ಎದೆಯ ಸ್ನಾಯುಗಳೂ ಸೋತಿವೆ. ಎದೆಮಟ್ಟ ನೀರಿಗೆ ಇಳಿಸಿದ್ರೆ ನೀರಿನ ಒತ್ತಡಕ್ಕೆ ಉಸಿರು ಎಳ್ಕೊಳೋಕೆ ಆಗಲ್ಲ. ಇನ್ನು ನೀರು ಬೇಡ ಅಂತ ಅಲ್ಲಿನ ಡಾಕ್ಟ್ರು ಅಂದಿದಾರೆ.”

“ಇನ್ನು ಅಂದ್ರೆ?”

“ಇನ್ನು ಬೇಡ ಅಂದ್ರೆ ಇನ್ನು ಬೇಡ ಅಂತಾನೇ.”

ನಾವು ಇಷ್ಟು ದಿನ ತಡ ಮಾಡದಿದ್ದರೆ ಎಂದು ಕೇಳಲು ಹೊರಟೆ. ಅವರು ತಡೆದರು. “ಅದನ್ನ ಕೇಳ್ಬೇಡಿ. ನನಗೂ ಗೊತ್ತಿಲ್ಲ. ಇವತ್ತಲ್ಲ ನಾಳೆ ಬರೋದೇ ಇತ್ತು.” ಅಷ್ಟು ಹೇಳಿ ಫೋನಿಟ್ಟರು. ಅದರಿಂದ ನನಗೆ ಸಮಾಧಾನವೇನೂ ಆಗಲಿಲ್ಲ. ಇವತ್ತು ಮತ್ತು ನಾಳೆಯ ನಡುವೆ ಅವಳು ಕಂಬಿ ಹಿಡಿದು ನಿಂತಿರಬಹುದಾದ ಅಷ್ಟೂ ದಿನ ಹಾಳಾಗಿದ್ದವು.

ಮಾರನೆಯ ದಿನ ಹೋದಾಗ ಹುಡುಗಿ ನೆರಳುಪರದೆಯ ಕೆಳಗೆ ಎಂದಿನ ಜಾಗದಲ್ಲೇ ಇದ್ದಳು. ಕುತ್ತಿಗೆಯ ಹಿಂದೆ ಹೊಸದಾಗಿ ಒಂದು ದಿಂಬು ಬಂದಿತ್ತು. ಕೊಳವೆ ತೋರಿಸಿದೆ.

“ಗುಲಾಬಿ,” ಎಂದಳು. ಒಂದೊಂದು ಮಾತಿಗೂ ಉಸಿರು ತೆಗೆದುಕೊಳ್ಳುತ್ತಿದ್ದಳು. “ಅಮ್ಮ ನಿಲ್ಲಿಸಿದ್ರು ಅಲ್ವಾ?”

“ನಿನಗೆ ಗೊತ್ತಿತ್ತಾ?”

“ನನ್ನ ಮಂಚ ಕಿಟಕಿ ಪಕ್ಕದಲ್ಲೇ ಇದೆ ಅಂಕಲ್. ದಿನಾ ನೋಡ್ತಿದ್ದೆ.”

“ಅದರಿಂದಾನೇ ನೀರು ಕೆಡ್ತಿದೆ ಅಂತಾನೂ ಗೊತ್ತಿತ್ತಾ?”

“ಬಣ್ಣ ಓದೋದು ನೀವೇ ಕಲಿಸಿದ್ರಲ್ಲ.”

“ಮತ್ತೆ ಒಂದು ಮಾತು ಹೇಳ್ಬಾರ್ದಾ ಮಗಳೇ? ಆವತ್ತೇ ಹೇಳಿದ್ರೆ ನೀನು…”

ಅವಳು ನೀರಿನ ಕಡೆ ನೋಡುತ್ತಿದ್ದಳು. “ನನ್ನ ಎತ್ತಿ ಕೂರ್ಸೋಕೆ ನರ್ಸ್ ಇದಾರೆ. ವ್ಯಾಯಾಮಕ್ಕೆ ಡಾಕ್ಟ್ರು ಇದಾರೆ. ನೀರಿಗೆ ನೀವಿದೀರ. ಅಪ್ಪ ಎಲ್ಲಾದಕ್ಕೂ ಓಡಾಡ್ತಾರೆ. ಅಮ್ಮನಿಗೆ ನನಗೋಸ್ಕರ ಮಾಡೋಕೆ ಅಂತ ಇದ್ದಿದ್ದು ಅದೊಂದೇ ಅಂಕಲ್.”

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಸೀದಾ ಹಿತ್ತಲಿಗೆ ಹೋದೆ. ತಾಯಿ ಕೊಟ್ಟಿಗೆಯ ಮುಂದೆ ಕೂತು ಹಾಲಿನ ಕ್ಯಾನು ಉಜ್ಜುತ್ತಿದ್ದರು.

“ಅಕ್ಕಾ, ನಾಳೆಯಿಂದ ಹಾಕಿ,” ಎಂದೆ. “ಬಿಂದಿಗೆನೇ ತಂದು ಹಾಕಿ.”

“ನೀರು ಕೆಡಲ್ವಾ?”

“ಕೆಟ್ರೆ ಕೆಡ್ಲಿ ಬುಡಿ. ನಾನಿದೀನಿ, ಸರಿ ಮಾಡ್ತೀನಿ.”

ಅವರು ಕ್ಯಾನನ್ನು ನೀರಿಗೆ ಅದ್ದಿ, ಜಾಲಿಸಿ, ಬೋರಲು ಹಾಕಿದರು. “ಅಭಿಷೇಕ ನಿಲ್ಲಿಸ್ಬುಟ್ಟೆ ಸಾಬ್ರೇ. ಎರಡು ಹೂವಿಟ್ಟು ಕೈ ಮುಗೀತೀನಿ ಅಷ್ಟೇ. ಹಾಲೆಲ್ಲ ಡೇರಿಗೆ ಹಾಕ್ತಿದೀವಿ.” ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಕೈ ಒರೆಸಿಕೊಂಡು, “ಕಾಫಿ ತರ್ತೀನಿ, ಕೂತ್ಕಳಿ,” ಎಂದು ಒಳಗೆ ಹೋದರು.

ಡಾಕ್ಟರು ಮುಂದೆ ಯಾವತ್ತಾದರೂ ಮನಸ್ಸು ಬದಲಿಸಿದರೆ ನೀರು ತಯಾರಿರಲಿ ಎಂದು ಯಜಮಾನರು ನನ್ನನ್ನು ಬಿಟ್ಟಿಲ್ಲ. ವಾರಕ್ಕೊಮ್ಮೆ ಹೋಗುತ್ತೇನೆ. ಹುಡುಗಿ ಈಗ ಹೊರಗೆ ಬರುವುದಿಲ್ಲ. ಕಿಟಕಿಯ ಹತ್ತಿರ ಹೋಗಿ ಕೊಳವೆಯನ್ನು ಎತ್ತಿ ಹಿಡಿಯುತ್ತೇನೆ, ಅವಳು ಒಳಗಿನಿಂದ ಕಣ್ಣು ಮಿಟುಕಿಸುತ್ತಾಳೆ. ಆ ಪೂಲಿನ ಹತ್ತಿರ ಹೋದರೆ ಮಾತ್ರ ನಾನು ಈಗ ಮೂಸುವುದಿಲ್ಲ, ಮೊದಲು ಮೆಟ್ಟಿಲ ಮೂಲೆಯನ್ನು ನೋಡುತ್ತೇನೆ. ಎಲ್ಲಾದರೂ ಒಂದಿಷ್ಟು ಹಾಲಿನ ಬಿಳಿ ಉಳಿದಿದೆಯೇ ಎಂದು. ಆಮೇಲೆ ನೀರು ತೆಗೆದು ಮಾತ್ರೆ ಹಾಕಿ, ಬಣ್ಣ ಬಾರದಿರಲಿ ಎಂದು ಕಾಯುತ್ತಾ ಕೂರುತ್ತೇನೆ. ಇಲ್ಲಿಯವರೆಗೆ ಕ್ಲೋರಿನ್ ಒಂದು ಸಲವೂ ಕಡಿಮೆಯಾಗಿಲ್ಲ.